ಹಿಮ್ಮಡಿಯ ಮಚ್ಚೆ

"ಕಾಲು ಮುಂದಾಗಿ ಬಂದೋಳು ನೀನಲ್ಲ ಕಣೇ, ಇನ್ನೊಬ್ಳು," ಎಂದು ತ್ರಿನಿಯಜ್ಜಿ ದಿಂಬಿನೊಳಗೆ ಮುಖ ಹುದುಗಿಸಿಕೊಂಡೇ ಹೇಳಿದಳು. ಓತಿಲಿಯಾಳ ಎರಡೂ ಹೆಬ್ಬೆರಳು ಮುದುಕಿಯ ಸೊಂಟದ ಮೇಲೆ ಇದ್ದಲ್ಲೇ ನಿಂತುಬಿಟ್ಟವು. ಹೇಳಿದ ರೀತಿಯೋ, ಇವತ್ತು ಗಾಳಿ ಜೋರು ಅನ್ನುವ ಹಾಗೆ. ಮಸಾತೆಪೆಯ ಅರ್ಧ ಊರನ್ನು ಈ ಲೋಕಕ್ಕೆ ಎಳೆದು ತಂದ ಸೂಲಗಿತ್ತಿ ಆಕೆ. ಯಾರು ಹೇಗೆ ಬಂದರು, ಯಾರು ಅಳದೆ ಸತಾಯಿಸಿದರು ಎನ್ನುವುದೆಲ್ಲ ಅವಳಿಗೆ ದಿನಸಿ ಅಂಗಡಿಯ ಸುದ್ದಿಯಷ್ಟೇ ಸಲೀಸು. ಬೆಳಿಗ್ಗೆ ಕೋಳಿ ಅಟ್ಟಲು ಬಗ್ಗಿದವಳಿಗೆ ಸೊಂಟ ಹಿಡಿದುಕೊಂಡಿತ್ತು, ಗೋಡೆ ಹಿಡಿದುಕೊಂಡು ಬಂದು ಮಲಗಿದ್ದಳು, ಮಲಗಿದ ಮೇಲೆ ಬಾಯಿ ಸುಮ್ಮನಿರಲಿಲ್ಲ. "ಆವತ್ತು ಕರೆಂಟಿಲ್ಲ. ನಿಮ್ಮಮ್ಮ ಚೆಪಿತಾ ಹಾಕಿದ ಕಿರುಚು ಇಗರ್ಜಿವರೆಗೂ ಹೋಗಿತ್ತು. ನೀನು ಸೀದಾ ತಲೆ ಮುಂದಾಗಿ, ಒಳ್ಳೆ ಹುಡುಗಿ ಥರ ಬಂದೆ. ಆಮೇಲೆ ಅವ್ಳು. ದೀಪ ಹತ್ರ ಹಿಡ್ದು ನೋಡ್ತೀನಿ, ಮುಖ ಎಲ್ಲಿ? ಹಿಮ್ಮಡಿ! ಹಿಮ್ಮಡೀಲಿ ಮೆಣಸಿನಕಾಳಿನಷ್ಟು ಮಚ್ಚೆ. ಮುಖಕ್ಕಿಂತ ಮೊದ್ಲು ಆ ಮಚ್ಚೆಗೇ ಮುತ್ತಿಟ್ಟಿದ್ದೆ ನಾನು. ಯಾಕೇ, ಕೈ ಯಾಕೆ ನಿಲ್ಸಿದೆ? ಅಯ್ಯೋ, ಐಸ್ ಥರ ಆಗಿದ್ಯಲ್ಲೇ ಕೈ!"

ಕೈ ನಿಜಕ್ಕೂ ತಣ್ಣಗಾಗಿತ್ತು. ಓತಿಲಿಯಾ ಅಂಗೈಗಳನ್ನು ಉಜ್ಜಿಕೊಂಡಳು, ಬೆನ್ನಿಗೆ ನೀವಲು ಕೋಳಿ ಕೊಬ್ಬು ಕಾಸಿದ ಬಟ್ಟಲಿನ ಮೇಲೆ ಹಿಡಿದಳು, ಮತ್ತೆ ಮುದುಕಿಯ ಬೆನ್ನ ಮೇಲಿಟ್ಟಳು. ಏನೂ ಕೇಳಿಸಲಿಲ್ಲ. ಪ್ರತಿ ಬೆನ್ನೂ ಅವಳ ಕೈಗೆ ಏನಾದರೂ ಹೇಳುತ್ತಿತ್ತು. ಪಕ್ಕದ ಮನೆಯ ರೇಡಿಯೋ ಗೋಡೆಯ ಮೂಲಕ ಕೇಳುವ ಹಾಗೆ, ಹಾಡು ಯಾವುದೆಂದು ಗೊತ್ತಾಗದಿದ್ದರೂ ಯಾವ ಕೋಣೆಯಿಂದ ಬರುತ್ತಿದೆ ಎಂದು ಗೊತ್ತಾಗುತ್ತಿತ್ತು. ನೋವು ಕೂಗುವುದು ಒಂದು ಕಡೆ, ವಾಸ ಇನ್ನೊಂದು ಕಡೆ. ಅದಕ್ಕೇ ಅವಳು ನೋಯುವ ಜಾಗವನ್ನು ಎಂದೂ ಮೊದಲು ಮುಟ್ಟಿದವಳಲ್ಲ. ನೋವಿಲ್ಲದ ಬದಿಯಲ್ಲಿ ಕೂತು, ಅಲ್ಲಿಯ ಕುಶಲ ವಿಚಾರಿಸಿ, ನಿನ್ನೆ ರಾತ್ರಿ ಏನು ಊಟ ಮಾಡಿದಿರಿ ಎಂದು ಕೇಳಿ, ಅವರು ಹಂದಿಮಾಂಸ, ಬಾಳೆಕಾಯಿ ಎಂದು ಹೇಳುತ್ತ ಉಸಿರು ಹೊರಬಿಟ್ಟ ಗಳಿಗೆಯಲ್ಲಿ ಮೆಲ್ಲನೆ ಆಚೆ ದಾಟುವುದು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವುದಕ್ಕೇನಿದೆ, ಅವಳು ಕಾಲು ಮುಂದಾಗಿ ಹುಟ್ಟಿದವಳಲ್ಲವೇ! ಬಾಗಿಲ ಮೇಲಿನ ಹಲಗೆಯಲ್ಲಿ ಹಾಗೇ ಬರೆಸಿದೆ, ನೀಲಿ ಬಣ್ಣದಲ್ಲಿ, ಅವಳ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ. ಈಗ ಆ ಅಕ್ಷರಗಳು ಬೀದಿಗೆ ಮುಖ ಮಾಡಿಕೊಂಡು, ಹೋಗಿ ಬರುವವರಿಗೆಲ್ಲ, ಪೀಠೋಪಕರಣದ ಅಂಗಡಿಗಳಿಗೆ, ಇಗರ್ಜಿಗೆ, ಹೊಗೆಯಾಡುವ ಜ್ವಾಲಾಮುಖಿಗೆ ಕೂಡ, ಸುಳ್ಳು ಹೇಳುತ್ತ ನಿಂತಿವೆ ಎನ್ನಿಸಿ ಅವಳಿಗೆ ಎದ್ದು ಹೋಗಿ ಒಂದು ಬೆಡ್‌ಶೀಟ್ ಹೊದಿಸಿ ಬರೋಣವೆನ್ನಿಸಿತು. ಬೆಡ್‌ಶೀಟ್ ಎಂದೊಡನೆ ಹಿತ್ತಲಿನ ಸದ್ದು ಕಿವಿಗೆ ಬಿತ್ತು. ಸರಕ್, ಸರಕ್. ಗೀರುಗೀರಾದ ಸಿಮೆಂಟು ಕಲ್ಲಿನ ಮೇಲೆ ಅವಳಿ ತಂಗಿ ಮೆಲಿದಾ ಬಟ್ಟೆ ಉಜ್ಜುತ್ತಿದ್ದಳು. ಈ ಮನೆಯಲ್ಲಿ ಆ ಸದ್ದು ಗಡಿಯಾರದ ಹಾಗೆ, ಇದೆಯೆಂದೇ ಮರೆತುಹೋಗುವಂಥದ್ದು. ಇವತ್ತು ಮೊದಲ ಸಲ ಅದು ಕೇಳಿಸಿತು.

ಏಕೆಂದರೆ ಕಾಲು ಮುಂದಾಗಿ ಹುಟ್ಟಿದವಳ ಕೈಯಲ್ಲಿ ಬಿಸಿ ಇರುತ್ತದೆ, ಆ ಬಿಸಿ ಕೈ ತಣ್ಣೀರು ಮುಟ್ಟಬಾರದು, ಮುಟ್ಟಿದರೆ ಪಾಸ್ಮೊ ಹೊಡೆಯುತ್ತದೆ, ಬೆರಳು ಕೊಕ್ಕೆಯ ಹಾಗೆ ಸೊಟ್ಟಗಾಗಿ ಹಾಗೇ ಉಳಿಯುತ್ತವೆ. ಅಮ್ಮ ಹಾಗೆಂದು ಕೈ ಸೊಟ್ಟ ಮಾಡಿ ತೋರಿಸುತ್ತಿದ್ದಳು. ಆದ್ದರಿಂದ ಓತಿಲಿಯಾ ಎಂದೂ ಬಟ್ಟೆ ಒಗೆದವಳಲ್ಲ, ಪಾತ್ರೆ ತೊಳೆದವಳಲ್ಲ. ಮುಖ ತೊಳೆಯಲಿಕ್ಕೂ ಅವಳಿಗೆ ಬೆಚ್ಚನೆ ನೀರು. ಒಂದೇ ಮೊಟ್ಟೆ ಇದ್ದ ದಿನ ಮೊಟ್ಟೆ ಅವಳಿಗೆ, ಕೈಗೆ ಬಲ ಬೇಕಲ್ಲ. ಒಂದೇ ಜೊತೆ ಬೂಟು ಕೊಂಡ ವರ್ಷ ಬೂಟು ಅವಳಿಗೆ, ದೇವರು ಮೊದಲು ಕಳಿಸಿದ ಕಾಲಿಗೆ ಮುಳ್ಳು ಚುಚ್ಚಬಾರದಲ್ಲ. ಮೆಲಿದಾ ಪಕ್ಕದಲ್ಲಿ ಬರಿಗಾಲಲ್ಲಿ ಶಾಲೆಗೆ ನಡೆಯುತ್ತಿದ್ದಳು, ಹಿಮ್ಮಡಿ ಎತ್ತಿದಾಗಲೆಲ್ಲ ಆ ಮಚ್ಚೆ ಕಾಣುತ್ತಿತ್ತು. "ಲೇ, ನಿನ್ ಕಾಲಿಗೆ ಜೀರುಂಡೆ ಅಂಟ್ಕೊಂಡಿದೆ," ಎಂದು ಬೂಟಿನ ತುದಿಯಿಂದ ತೋರಿಸಿ ನಗುತ್ತಿದ್ದವಳು ಯಾರು? ಓತಿಲಿಯಾಗೆ ಕಿವಿಯವರೆಗೂ ಬಿಸಿಯೇರಿತು; ಕೈ ಮಾತ್ರ ತಣ್ಣಗೇ ಇತ್ತು. ಒಂದು ಮೊಟ್ಟೆಯನ್ನಾದರೂ ಹಿಂದಿರುಗಿಸಬಹುದು, ಬೂಟನ್ನಾದರೂ ಕೊಡಿಸಬಹುದು. ಅಷ್ಟು ವರ್ಷದ ತಣ್ಣೀರನ್ನು ಹಿಂದಿರುಗಿಸುವುದು ಹೇಗೆ?

"ನಿನ್ ಕೈ ಇವತ್ತು ಕೆಲ್ಸಕ್ಕೆ ಬರಲ್ಲ ಬಿಡು," ಎಂದು ಅಜ್ಜಿ ಪಕ್ಕಕ್ಕೆ ಹೊರಳಿ ಎದ್ದು ಕೂತಳು. "ಹೋಗು, ಆ ಇನ್ನೊಬ್ಳನ್ನ ಕರಿ. ಅಸಲಿ ಮಾಲು ಹಿತ್ತಲಲ್ಲಿ ಇಟ್ಕೊಂಡು ನಕಲೀನ ಯಾಕೆ ಅಂಗಡೀಲಿ ಕೂರ್ಸಿದೀರಿ? ಇಷ್ಟು ವರ್ಷ ಯಾರೂ ನನ್ನ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ." ತನ್ನ ತಮಾಷೆಗೆ ತಾನೇ ನಕ್ಕಳು, ನಕ್ಕದ್ದಕ್ಕೆ ಸೊಂಟ ಹಿಡಿಯಿತು, ಅಯ್ಯಯ್ಯೋ ಎನ್ನುತ್ತ ಜಗುಲಿಗೆ ಹೋಗಿ ತೂಗುಕುರ್ಚಿಯಲ್ಲಿ ಕೂತಳು.

ನಕಲಿ. ಓತಿಲಿಯಾ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಹಿತ್ತಲಿಗೆ ನಡೆದಳು. ಹೊಕೊತೆ ಹಣ್ಣಿನ ಮರದ ಕೆಳಗೆ ಮೆಲಿದಾ ಮೊಣಕೈವರೆಗೆ ನೊರೆಯಲ್ಲಿದ್ದಳು. ತೊಟ್ಟಿಯ ಅಂಚಿನ ರೇಡಿಯೋದಲ್ಲಿ ಯಾವುದೋ ಬೇಸ್‌ಬಾಲ್ ಆಟದ ಗದ್ದಲ. ಅವಳು ಉಜ್ಜುತ್ತಿದ್ದದ್ದು ಓತಿಲಿಯಾಳ ರೋಗಿಗಳ ಹಾಸಿಗೆಯ ಬಟ್ಟೆಗಳನ್ನೇ, ಕೋಳಿ ಕೊಬ್ಬಿನ, ಬೆವರಿನ, ಬಡಗಿಗಳ ಮೈಯ ಮರದ ಪುಡಿಯ ಬಟ್ಟೆಗಳನ್ನು. ಒಂದೇ ಮುಖ, ಒಂದೇ ಮೂಗು, ಆದರೆ ಕೈ ನೋಡಿದರೆ ಇಬ್ಬರೂ ಅವಳಿಗಳೆಂದು ಯಾರೂ ಹೇಳಲಾರರು: ಅವಳದು ನೀರಿನಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕಾದ ಕೈ, ತನ್ನದು ನುಣ್ಣಗೆ, ಎಣ್ಣೆ ಹಚ್ಚಿದ ಹಾಗೆ, ಛೆ, ಮದುಮಗಳ ಕೈಯ ಹಾಗೆ. ಓತಿಲಿಯಾ ಕೈಗಳನ್ನು ಏಪ್ರನ್ನಿನ ಜೇಬಿಗೆ ತುರುಕಿದಳು.

"ಮೆಲಿದಾ, ನಿನ್ ಕಾಲು ತೋರ್ಸು."

"ಯಾಕೆ?"

"ತೋರ್ಸು ಅಂದೆ."

"ಬೆಳಿಗ್ಗೆ ಬೆಳಿಗ್ಗೆ ಏನೇ ನಿಂದು? ಪಾದ ತೊಳೆಯೋಕೆ ಪಾದ್ರಿ ಆಗಿದೀಯಾ?" ಎಂದಳೇ ಹೊರತು ಮೆಲಿದಾ ಕಾಲು ಎತ್ತಲಿಲ್ಲ. ಎತ್ತಲಿಲ್ಲ ಮಾತ್ರವಲ್ಲ, ಒಂದು ಕಾಲನ್ನು ಇನ್ನೊಂದರ ಹಿಂದೆ ಮರೆಮಾಡಿಕೊಂಡಳು. ಓತಿಲಿಯಾಗೆ ಅದು ವಿಚಿತ್ರವೆನಿಸಿತು. ವಿಚಾರಿಸುವಷ್ಟರಲ್ಲಿ ಜಗುಲಿಯಿಂದ ಅಜ್ಜಿಯ ಕೂಗು: "ಬರ್ರೇ ಇಬ್ರೂ! ಎವೆಲಿಯೊ ಬಂದವ್ನೆ, ಕುರ್ಚಿ ಥರ ಮಡಿಸ್ಕೊಂಡು ಬಂದವ್ನೆ!"

ಎವೆಲಿಯೊ ತೂಗುಕುರ್ಚಿ ಮಾಡುವವನು. ಊರಿನ ಅರ್ಧ ಜಗುಲಿಗಳಲ್ಲಿ ಅವನ ಕುರ್ಚಿಗಳೇ ತೂಗುವುದು. ದೇವದಾರು ದಿಮ್ಮಿ ಎತ್ತಲು ಬಗ್ಗಿದವನು ಹಾಗೇ ಲಾಕ್ ಆಗಿಹೋಗಿದ್ದ. ಸೊಂಟದಿಂದ ಮೇಲಿನ ದೇಹ ನೆಲಕ್ಕೆ ಸಮಾನಾಂತರ, ಎರಡೂ ಕೈ ಮಂಡಿಯ ಮೇಲೆ. ಬೀದಿ ದಾಟಿ ಬರುವಾಗ ಒಂದು ನಾಯಿ ಅವನನ್ನು ತನ್ನವನೆಂದು ತಿಳಿದು ಜೊತೆಗೆ ಬಂದಿತ್ತು. ತಲೆ ಎತ್ತಲಾಗದೆ ಅವನು ನೆಲಕ್ಕೇ ಮಾತಾಡಿದ. "ಯಾರಿದು, ನೀಲಿ ಚಪ್ಪಲಿ? ಓತಿಲಿಯಕ್ಕ ತಾನೆ? ಅಕ್ಕಾ, ನಾಳೆ ನನ್ ಮಗಳ ಮದ್ವೆ. ಅವಳ್ನ ಕೈ ಹಿಡ್ಕೊಂಡು ಇಗರ್ಜಿ ಒಳಗೆ ಕರ್ಕೊಂಡ್ ಹೋಗ್ಬೇಕು. ಹಿಂಗೇ ಹೋದ್ರೆ ಬೀಗರು ನಾನು ಬಿದ್ದ ಉಂಗ್ರ ಹುಡುಕ್ತಿದೀನಿ ಅನ್ಕೋತಾರೆ."

ಯಾವಾಗಿನ ಹಾಗಿದ್ದರೆ ಓತಿಲಿಯಾ ಇಷ್ಟು ಹೊತ್ತಿಗೆ ಅವನ ಭುಜದ ಮೇಲೆ ಕೈಯಿಟ್ಟು ಊಟದ ವಿಷಯ ತೆಗೆದಿರುತ್ತಿದ್ದಳು. ಈಗ ಜೇಬಿನಿಂದ ಕೈಯೇ ಹೊರಬರಲೊಲ್ಲದು. ಈ ಕೈ ಯಾರದು? ಇದುವರೆಗೆ ಎದ್ದು ನಡೆದವರೆಲ್ಲ ನನ್ನ ಕೈಯಿಂದ ಎದ್ದರೋ, ಬಾಗಿಲ ಹಲಗೆಯಿಂದ ಎದ್ದರೋ? ಇವನು ಏಳದಿದ್ದರೆ? ನಾಳೆ ಮಗಳ ಪಕ್ಕದಲ್ಲಿ ಹೀಗೇ ಬಗ್ಗಿ ನಡೆದರೆ ಊರೆಲ್ಲ ನೋಡುತ್ತದೆ. ಅದಕ್ಕಿಂತ ಹೆಚ್ಚಾಗಿ, ತನಗೆ ಗೊತ್ತಾಗಿಬಿಡುತ್ತದೆ. ಅವಳ ಬಾಯಿಂದ ಬಂದ ಮಾತು ಅವಳಿಗೇ ಅಪರಿಚಿತವಾಗಿತ್ತು: "ಎವೆಲಿಯೊ, ನಾನಲ್ಲಪ್ಪಾ. ಕಾಲು ಮುಂದಾಗಿ ಹುಟ್ಟಿದ್ದು ಮೆಲಿದಾ."

"ಏನು?"

"ನಾನೇ ಹೇಳಿದ್ದು," ಎಂದಳು ಅಜ್ಜಿ ಕುರ್ಚಿಯಲ್ಲಿ ತೂಗುತ್ತ. "ಹಿಮ್ಮಡೀಲಿ ಮಚ್ಚೆ ಇದ್ಯಾ ನೋಡು, ನೀನು ಹೆಂಗೂ ಕೆಳಗೇ ನೋಡ್ತಿದೀಯಲ್ಲ."

ನಾಲ್ಕು ಪಾದಗಳು ಎವೆಲಿಯೊನ ಕಣ್ಣೆದುರಿಗಿದ್ದವು. ಅವನು ಒಂದೊಂದನ್ನೇ ಪರೀಕ್ಷಿಸಿದ, ಮರದ ಕಾಲಿನ ಜೋಡಣೆ ನೋಡುವಷ್ಟು ಶ್ರದ್ಧೆಯಿಂದ. ಮೆಲಿದಾ ತಿರುಗಿ ಹೊರಟಳು, ಹೊರಡಬೇಕಾದರೆ ಹಿಮ್ಮಡಿ ಎತ್ತಲೇಬೇಕಲ್ಲ. "ಇದೆ! ಬಲಗಾಲಲ್ಲಿದೆ! ಒದ್ದೆ ಕಾಲು! ಮೆಲಿದಕ್ಕ, ಓಡ್ಬೇಡ್ರಿ, ನಿಮ್ಮನ್ನ ಅಟ್ಟಿಸ್ಕೊಂಡ್ ಬರೋ ಸ್ಥಿತೀಲಿಲ್ಲ ನಾನು! ದಮ್ಮಯ್ಯ, ಆ ಕಾಲಲ್ಲಿ ಒಂದ್ಸಲ ಬೆನ್ನು ತುಳೀರಿ, ಸೊಂಟ ಬಿಡುತ್ತೆ!"

"ನನ್ ಕೈಲಾಗಲ್ಲ," ಎಂದಳು ಮೆಲಿದಾ. ಅವಳ ಮುಖ ಬಿಳುಚಿಕೊಂಡಿತ್ತು.

"ತುಳಿಯೇ," ಎಂದಳು ಓತಿಲಿಯಾ. "ಇದು ನಿಂದು. ನಾನು ಇಟ್ಕೊಂಡಿದ್ದೆ, ಅಷ್ಟೇ." ಹೇಳುವಾಗ ಅವಳಿಗೆ ಅಳು ಬಂತು, ಜೊತೆಗೆ ತಾನೆಷ್ಟು ದೊಡ್ಡ ಮನಸ್ಸಿನವಳು ಎನ್ನುವ ಒಂದು ಸಣ್ಣ ಹೆಮ್ಮೆಯೂ ಬಂತು, ಆ ಹೆಮ್ಮೆಗೆ ಮತ್ತೆ ನಾಚಿಕೆಯಾಯಿತು.

ಚಾಪೆ ಹಾಸಿ ಎವೆಲಿಯೊನನ್ನು ಬೋರಲು ಮಲಗಿಸುವುದೇ ಒಂದು ಹಬ್ಬವಾಯಿತು. ನೆಟ್ಟಗಾಗದ ದೇಹ, ಹಿಂಭಾಗ ಗುಡ್ಡದ ಹಾಗೆ ಮೇಲೆಯೇ ಉಳಿಯಿತು. ಅಜ್ಜಿ ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು ಕೂತಳು. ಮೆಲಿದಾ ಶಿಲುಬೆಯ ಗುರುತು ಮಾಡಿಕೊಂಡು, ಅಕ್ಕನ ಭುಜ ಹಿಡಿದು, ತಣ್ಣನೆಯ ಒದ್ದೆ ಪಾದವನ್ನು ಅವನ ಬೆನ್ನಿಗೆ ತಾಗಿಸಿದಳು. "ಅಮ್ಮಾ!" ಎಂದ ಎವೆಲಿಯೊ. ಅವಳೂ "ಅಮ್ಮಾ!" ಎಂದು ಕಾಲು ತೆಗೆದಳು. ಮತ್ತೆ ಇಟ್ಟಳು. ಓತಿಲಿಯಾ ಪಕ್ಕದಲ್ಲಿ ಮಂಡಿಯೂರಿ, ಬೆದರಿದ ಕರುವನ್ನು ಹಿಡಿದ ಹಾಗೆ ಅವನ ತೊಡೆಯ ಬದಿಗೆ ಅಂಗೈಯಿಟ್ಟು ಕೂತಿದ್ದಳು. ಕೆಲಸವಿಲ್ಲದ ಕೈಗೆ ಒಂದು ಜಾಗ ಬೇಕಿತ್ತು. ಮೆಲಿದಾ ಎರಡೂ ಕಾಲೂರಿದಳು. ಸಾಬೂನಿನ ನೊರೆ ಇನ್ನೂ ಪಾದದಲ್ಲಿತ್ತೋ ಏನೋ, ಜಾರಿದಳು, ಮತ್ತು ತನ್ನ ಇಡೀ ತೂಕದೊಂದಿಗೆ ಎವೆಲಿಯೊನ ಮೇಲೆ ಕುದುರೆ ಸವಾರಿಯವಳ ಹಾಗೆ ಕೂತುಬಿಟ್ಟಳು.

ಎವೆಲಿಯೊ ಚಾಪೆಗೆ ಬಾಯಿಟ್ಟು ಕ್ಷೀಣವಾಗಿ ಕೇಳಿದ: "ಅಜ್ಜಿ, ಬಾಕಿ ಏನಾದ್ರೂ ಉಳಿದಿದ್ಯಾ ನಂದು?"

"ನಾನ್ ಹೇಳ್ಲಿಲ್ವಾ, ನನಗೆ ಬರಲ್ಲ ಅಂತ!" ಮೆಲಿದಾ ಅವನ ಮೇಲೆ ಕೂತೇ ಅರಚಿದಳು, ಕಣ್ಣಲ್ಲಿ ನೀರು. "ಅವತ್ತೂ ಬರ್ತಿರ್ಲಿಲ್ಲ! ಅದಕ್ಕೇ ಅವತ್ತು ಮರ ಹತ್ತಿದ್ದು!"

"ಯಾವತ್ತು? ಯಾವ ಮರ?" ಎಂದಳು ಓತಿಲಿಯಾ.

"ಹಿತ್ತಲ ಹೊಕೊತೆ ಮರ, ಇನ್ಯಾವ್ದು! ಆ ಗಾಡಿ ಹೊಡಿಯೋ ಫೌಸ್ತೊ ಬಂದಿದ್ನಲ್ಲ, ಸೊಂಟ ಹಿಡ್ಕೊಂಡು. ಅಂಗಿ ಬಿಚ್ಚಿ ಮಲಗಿದ್ದ. ಬೆನ್ ತುಂಬಾ ಕೂದ್ಲು ಕಣೇ, ಕಾಡುಹಂದಿ ಥರ! ಅಮ್ಮ ನನ್ನ ಕರ್ದಳು, ಬಾ ಕಾಲು ಮುಂದಾಗಿ ಹುಟ್ಟಿದೋಳೇ, ತುಳಿ ಬಾ ಅಂತ. ನಾನು ಮರದ ತುದೀಲಿ. ಇಳೀಲಿಲ್ಲ. ಅಷ್ಟೊತ್ತಿಗೆ ನೀನು ಬಾಗ್ಲಲ್ಲಿ ಹೊಕೊತೆ ಹಣ್ಣು ತಿಂತಾ ನಿಂತಿದ್ಯಲ್ಲ, ಅಮ್ಮ ನಿನ್ನೇ ಎತ್ತಿ ಅವನ ಮೇಲೆ ನಿಲ್ಸಿದ್ಳು. ಮುಖ ಒಂದೇ ಅಲ್ವಾ, ಅವ್ನಿಗೇನ್ ಗೊತ್ತಾಗುತ್ತೆ! ಅವ್ನು ಎದ್ ನಿಂತ. ಎದ್ ನಿಂತು ಊರಿಗೆಲ್ಲ ಹೇಳ್ದ. ಆಮೇಲೆ ಅಮ್ಮನಿಗೆ ತಿದ್ದೋಕೆ ಮರ್ಯಾದೆ ಅಡ್ಡ ಬಂತು. ಯಾರ್ಗೂ ಹೇಳ್ಬೇಡ ಅಂದ್ಳು. ನಾನ್ಯಾಕೆ ಹೇಳ್ಲಿ!"

ಓತಿಲಿಯಾಗೆ ಆ ದಿನ ನೆನಪಿತ್ತು, ಕೂದಲು ಕೂಡ. ಕಾಲಿನ ಕೆಳಗೆ ಅದು ಚುಚ್ಚಿದ್ದು, ತನಗೆ ಕಚಗುಳಿಯಾಗಿದ್ದು, ಬಾಯಿಂದ ಹಣ್ಣಿನ ಬೀಜ ಅವನ ಕತ್ತಿನ ಮೇಲೆ ಬಿದ್ದದ್ದು. ಕತ್ತು ಉಳುಕಿದ್ರೆ ಯಾವ ಅವಳಿ ಮುಟ್ಟಿದ್ರೂ ಸಾಕು, ಸೊಂಟಕ್ಕೆ ಮಾತ್ರ ಕಾಲು ಮುಂದಾದೋಳೇ ಆಗ್ಬೇಕು, ಎಂದು ಫೌಸ್ತೊ ಗೊಣಗುತ್ತಿದ್ದದ್ದೂ. ಆದರೆ ಮೇಲೆ ಎಲೆಗಳ ನಡುವೆ ಎರಡು ಬರಿಗಾಲು ತೂಗಾಡುತ್ತಿದ್ದವೇ? "ಹಾಗಾದ್ರೆ ಬಟ್ಟೆ?" ಎಂದಳು. "ಇಷ್ಟ್ ವರ್ಷ ಬಟ್ಟೆ ಒಗ್ದಿದ್ದು? ಮೊಟ್ಟೆ? ಬೂಟು?"

"ಬೂಟು ಬೇಕಿತ್ತು," ಎಂದಳು ಮೆಲಿದಾ ಮೂಗೊರೆಸಿಕೊಂಡು. "ಬೂಟಿಗೆ ಅತ್ತಿದ್ದೆ. ಆದ್ರೆ ಬಟ್ಟೆಗೇನು! ತೊಟ್ಟಿ ಹತ್ರ ನೆರಳು, ರೇಡಿಯೋ, ಯಾರೂ ನನ್ ಮುಂದೆ ಅಂಗಿ ಬಿಚ್ಚಲ್ಲ. ನಿನ್ ರೂಮಿಂದ ಬರೋ ಆ ಅಯ್ಯೋ, ಅಪ್ಪಾ, ಸತ್ತೆ ಕೇಳಿದಾಗ್ಲೆಲ್ಲ ನಾನು ಇನ್ನೂ ಜೋರಾಗಿ ಉಜ್ತಿದ್ದೆ, ಸದ್ಯ ತಪ್ಪಿಸ್ಕೊಂಡೆ ಅಂತ. ಒಂದ್ ದಿನ ಯಾರಾದ್ರೂ ನಿನಗೆ ಹೇಳ್ಬಿಡ್ತಾರೆ, ನೀನು ಬಂದು, ತಗೋ ನಿನ್ ಬೆನ್ನುಗಳು ಅಂತ ಕೊಟ್ಬಿಡ್ತೀಯಾ ಅಂತ ಎಷ್ಟ್ ಹೆದ್ರಿದೀನಿ ಗೊತ್ತಾ? ಅದಕ್ಕೇ ನಿನ್ ಮುಂದೆ ಕಾಲ್ ಮೇಲ್ ಕಾಲ್ ಹಾಕ್ಕೊಂಡು ಕೂತೋಳಲ್ಲ!"

ಮೊದಲು ನಕ್ಕವನು ಎವೆಲಿಯೊ. ಕೆಳಗೆಲ್ಲೋ ಬಾವಿಯಲ್ಲಿ ಶುರುವಾದ ಹಾಗೆ ಶುರುವಾಗಿ, ಮೇಲೆ ಕೂತ ಮೆಲಿದಾಳನ್ನೂ ಅಲ್ಲಾಡಿಸಿತು. ಅಲ್ಲಾಡುತ್ತ ಅವಳೂ ನಕ್ಕಳು, ಬಾಗಿಲಲ್ಲಿ ಅಜ್ಜಿ ಹೊಟ್ಟೆ ಹಿಡಿದುಕೊಂಡಳು. ಓತಿಲಿಯಾ ತಡೆದುಕೊಂಡಳು, ತಡೆದುಕೊಂಡಳು, ಆಮೇಲೆ ಅವಳಿಗೂ ಬಂತು. ಒಬ್ಬಳು ಕದ್ದೆನೆಂದು ಈಗ ತಾನೇ ಅಳುತ್ತಿದ್ದಳು, ಇನ್ನೊಬ್ಬಳು ಕದ್ದುಕೊಂಡು ಹೋದರೆ ಸಾಕೆಂದು ಇಷ್ಟು ಕಾಲ ಪ್ರಾರ್ಥಿಸಿದ್ದಳು! ಕಣ್ಣಿಗೆ ನೀರು ತುಂಬಿ ಏನೂ ಕಾಣದಾದಾಗ ಅವಳಿಗೆ ಎವೆಲಿಯೊನ ದೇಹ ಕೇಳಿಸಿತು. ಪಕ್ಕದ ಮನೆಯ ರೇಡಿಯೋ. ಸೊಂಟದ ಕೋಣೆಯಿಂದಲ್ಲ, ಕೆಳಗೆ, ಬಲ ಪೃಷ್ಠದ ಆಳದಲ್ಲಿ, ಅವಳ ಅಂಗೈ ಆಗಲೇ ಇದ್ದ ಜಾಗದಿಂದ ನಾಲ್ಕು ಬೆರಳು ಆಚೆ. ಕೈ ಅವಳನ್ನು ಕೇಳಲಿಲ್ಲ. ನಗೆಯಲ್ಲಿ ಅವನ ಉಸಿರು ಪೂರ್ತಿ ಹೊರಬಿದ್ದ ಗಳಿಗೆಯಲ್ಲಿ ಹೆಬ್ಬೆರಳು ದಾಟಿತು, ಒತ್ತಿತು, ಇನ್ನೊಂದು ಕೈ ಮಂಡಿಯನ್ನು ಹೊರಕ್ಕೆ ತಿರುಗಿಸಿತು. ಲಟಕ್ಕೆಂದಿತು.

"ಓ," ಎಂದ ಎವೆಲಿಯೊ. ಆಮೇಲೆ ಬಹಳ ಮೃದುವಾಗಿ, "ಮೆಲಿದಕ್ಕ, ಇಳೀರಿ ಸ್ವಲ್ಪ."

ಅವನು ಎದ್ದು ನಿಂತ. ಮೊದಲು ನೆಲ, ಆಮೇಲೆ ಗೋಡೆ, ಆಮೇಲೆ ಇಬ್ಬರ ಮುಖ, ಆಮೇಲೆ ಹೆಂಚು ನೋಡಿದ. ಹೆಂಚನ್ನು ಬಹಳ ಹೊತ್ತು ನೋಡಿದ. "ಇಬ್ರೂ ನಾಳೆ ಮದ್ವೆಗೆ ಬರ್ಬೇಕು," ಎಂದ. "ಮುಂದಿನ ಸಾಲಲ್ಲೇ ಕೂತ್ಕೋಬೇಕು. ಹಲಗೆಗೆ ಏನ್ ಬರಿಸ್ತೀರೋ ನಿಮಗೆ ಬಿಟ್ಟಿದ್ದು, ನನಗೇನೂ ಗೊತ್ತಿಲ್ಲ, ನಾನ್ ನೋಡಿದ್ದು ಬರೀ ಕಾಲು." ಬಾಗಿಲಲ್ಲಿ ಕಾಯುತ್ತಿದ್ದ ನಾಯಿ ನೆಟ್ಟಗೆ ನಡೆದು ಬಂದವನನ್ನು ನೋಡಿ ಗುರುತು ಸಿಗದೆ ಬೊಗಳಿತು.

ಓತಿಲಿಯಾ ಚಾಪೆಯ ಮೇಲೇ ಕೂತಿದ್ದಳು. ಕೈ ಉರಿಯುತ್ತಿತ್ತು, ಯಾವಾಗಿನಂತೆ, ಒಲೆಯಿಂದ ತೆಗೆದ ಹಾಗೆ. ಯಾವ ದೇವರು ಯಾವ ತುದಿಯಿಂದ ಕಳಿಸಿದ ಬಿಸಿ ಇದು? ಬಾಗಿಲಲ್ಲಿ ಹಣ್ಣು ತಿನ್ನುತ್ತ ನಿಂತ ಒಂದು ಮಗು, ಕೈಗೆ ಸಿಕ್ಕಿತೆಂದು ಯಾರೋ ಎತ್ತಿ ಒಂದು ನೋವಿನ ಮೇಲೆ ನಿಲ್ಲಿಸಿದರು. ಅದು ಇಳಿಯಲೇ ಇಲ್ಲ, ಅಷ್ಟೇ. ಅಷ್ಟೇ ಎನ್ನುವುದು ಇಷ್ಟು ಹಗುರಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಎದ್ದು ಸೀದಾ ಹಿತ್ತಲಿಗೆ ನಡೆದಳು, ಮರದ ಕೆಳಗೆ, ತೊಟ್ಟಿಯ ಹತ್ತಿರ, ಮತ್ತು ಆ ಉರಿಯುವ ಕೈಗಳನ್ನು ಮೊಣಕೈವರೆಗೂ ತಣ್ಣೀರಿಗೆ ಮುಳುಗಿಸಿಬಿಟ್ಟಳು.

"ಹುಚ್ಚೀ!" ಹಿಂದೆಯೇ ಓಡಿ ಬಂದ ಮೆಲಿದಾ ಕಿರುಚಿದಳು. "ತೆಗಿಯೇ ಕೈ! ಬಿಸಿ ಕೈ! ಪಾಸ್ಮೊ ಹೊಡ್ಯುತ್ತೆ!"

"ಅದು ಕಾಲು ಮುಂದಾಗಿ ಹುಟ್ಟಿದೋರಿಗೆ," ಎಂದಳು ಓತಿಲಿಯಾ. "ನಾನು ತಲೆ ಮುಂದಾಗಿ ಬಂದೋಳು."

ನೀರು ಬೆರಳ ಸಂದುಗಳಲ್ಲಿ ಹೊಕ್ಕಿತು. ಇಷ್ಟು ತಂಪಾಗಿರುತ್ತದೆಯೇ! ಇಷ್ಟು ವರ್ಷ ಇವಳೊಬ್ಬಳೇ ಇದನ್ನು ಇಟ್ಟುಕೊಂಡಿದ್ದಳಲ್ಲ ಎಂದು ಓತಿಲಿಯಾಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ನೊರೆಯೊಳಗಿನಿಂದ ಒಂದು ಬೆಡ್‌ಶೀಟ್ ಎಳೆದು ಕಲ್ಲಿನ ಮೇಲೆ ಹರಡಿದಳು. ಮೊದಲು ಕೊಳೆಯಿಲ್ಲದ ಬದಿಯಲ್ಲಿ ಅಂಗೈಯಿಟ್ಟಳು, ಮೆಲ್ಲಗೆ, ವೃತ್ತ ವೃತ್ತವಾಗಿ, ಕಲೆಯ ಕಡೆಗೆ ಸರಿಯತೊಡಗಿದಳು. ಜಗುಲಿಯಿಂದ ತ್ರಿನಿಯಜ್ಜಿ ಕೂಗಿದಳು, ಲೇ, ನನ್ ಸೊಂಟ ಹಂಗೇ ಐತಲ್ರೇ, ಅಸಲೀನೋ ನಕಲೀನೋ ಯಾವ್ದಾದ್ರೂ ಒಂದ್ ಬರ್ರೇ ಅಂತ. ಮೆಲಿದಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಕ್ಕನ ಕೆಲಸವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳನ್ನು ಪಕ್ಕಕ್ಕೆ ತಳ್ಳಿ, ತನ್ನ ತೋಳು ಮೇಲೇರಿಸಿದಳು.

"ಸರಿ ಆಚೆ. ಅದಕ್ಕೇನು ಸೊಂಟ ನೋವೇನೇ, ಹಂಗ್ ನೀವ್ತಾ ಇದೀಯಾ? ಉಜ್ಜೇ!"